1946ರ ಪೈಪರ್ ಕಬ್‌ನಲ್ಲಿ ಹಾರಲು ಕಲಿತೆ, ಅದರಲ್ಲೇ ಪೈಲಟ್ ಪರೀಕ್ಷೆ ಕೊಟ್ಟೆ: ಅನುಭವ ಮತ್ತು ಪ್ರಶ್ನೋತ್ತರ

ಹಿಂದಿನಸೀಟು

ಎಲ್ಲರಿಗೂ ನಮಸ್ಕಾರ. ಮೊನ್ನೆ ನನ್ನ ಪೈಲಟ್ ಪರೀಕ್ಷೆ ಮುಗಿಯಿತು, ಪಾಸಾದೆ. ಒಂದು ಸಣ್ಣ ಭಾಗ ಬಿಟ್ಟು, ಕಲಿತದ್ದೂ ಪರೀಕ್ಷೆ ಕೊಟ್ಟದ್ದೂ 1946ರಲ್ಲಿ ತಯಾರಾದ ಒಂದು ಪೈಪರ್ ಜೆ-3 ಕಬ್‌ನಲ್ಲಿ. ಶುರು ಮಾಡುವಾಗ ಹಳೇ ವಿಮಾನದಲ್ಲಿ ಪರೀಕ್ಷೆ ಹೇಗಿರುತ್ತದೆ ಅಂತ ಹೇಳುವವರು ಯಾರೂ ಸಿಗಲಿಲ್ಲ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಕಬ್ ನೋಡದವರಿಗೆ ಎರಡು ಮಾತು. ಸ್ಟೀಲ್ ಪೈಪಿನ ಚೌಕಟ್ಟು, ಅದರ ಮೇಲೆ ಬಟ್ಟೆ. 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಒಂದರ ಹಿಂದೆ ಒಂದು, ಎರಡೇ ಸೀಟು. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗಿಸುವ ಹಲಗೆ) ಇಲ್ಲ. ಪ್ರೊಪೆಲ್ಲರನ್ನು ಕೈಯಲ್ಲಿ ಎಳೆದು ಎಂಜಿನ್ ಹೊತ್ತಿಸಬೇಕು. ಪೆಟ್ರೋಲ್ ಮೀಟರ್ ಅಂದರೆ ವಿಂಡ್‌ಶೀಲ್ಡ್ ಎದುರಿಗೆ ಟ್ಯಾಂಕಿನ ಮುಚ್ಚಳದಿಂದ ಮೇಲೆ ಬಂದಿರುವ ಒಂದು ತಂತಿ. ಒಳಗೆ ಅದರ ತುದಿಯಲ್ಲಿ ಬೆಂಡು ತೇಲುತ್ತಿರುತ್ತದೆ. ಪೆಟ್ರೋಲ್ ಇಳಿದ ಹಾಗೆ ತಂತಿಯೂ ಇಳಿಯುತ್ತದೆ. 1938ರಿಂದ 1947ರ ನಡುವೆ ಇಂಥ ವಿಮಾನಗಳು ಸುಮಾರು 20,000 ತಯಾರಾದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸಾವಿರಾರು ಪೈಲಟ್‌ಗಳ ಮೊದಲ ಪಾಠ ನಡೆದದ್ದು ಇದರಲ್ಲೇ.

ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು. ತೂಕದ ಹಂಚಿಕೆ ಸರಿಯಾಗುವುದು ಹಾಗೆ ಕೂತಾಗಲೇ. ಅದಕ್ಕೇ ಮೊದಲ ದಿನದಿಂದಲೂ ನನ್ನ ಜಾಗ ಹಿಂದೆ, ಇನ್‌ಸ್ಟ್ರಕ್ಟರ್ ಮುಂದೆ. ಮೀಟರ್‌ಗಳೆಲ್ಲ ಅವರ ಮುಂದೆ. ಅವರ ಹೆಗಲ ಪಕ್ಕದಿಂದ ಇಣುಕಿ ನೋಡಬೇಕು. ಬಾಲ ನೆಲದಲ್ಲಿ ಇರುವಾಗ ಮೂಗು ಮೇಲಕ್ಕೆ ಎದ್ದಿರುತ್ತದೆ, ಎದುರಿಗೆ ಏನೂ ಕಾಣುವುದಿಲ್ಲ. ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಸುತ್ತಿ ಸುತ್ತಿ, ಪಕ್ಕದ ಕಿಟಕಿಯಲ್ಲಿ ದಾರಿ ನೋಡಿಕೊಂಡು ಓಡಿಸಬೇಕು.

ಮೊದಲ ಹತ್ತು ಗಂಟೆ ನಾನು ಕಲಿತದ್ದು ಒಂದೇ, ಕಾಲು ಬಳಸುವುದು. ಕಬ್‌ನಲ್ಲಿ ಸ್ಟಿಕ್ಕನ್ನು ಎಡಕ್ಕೆ ಒತ್ತಿದರೆ ರೆಕ್ಕೆ ಎಡಕ್ಕೆ ವಾಲುತ್ತದೆ, ಆದರೆ ಮೂಗು ಮೊದಲು ಬಲಕ್ಕೆ ಎಳೆಯುತ್ತದೆ. ಮೇಲೇಳುವ ರೆಕ್ಕೆಗೆ ಗಾಳಿಯ ಎಳೆತ ಜಾಸ್ತಿ, ಅದಕ್ಕೇ. ಸ್ಟಿಕ್ ಜೊತೆಗೇ ಎಡ ರಡ್ಡರ್ (ಬಾಲದ ಚುಕ್ಕಾಣಿಯನ್ನು ತಿರುಗಿಸುವ ಕಾಲಿನ ಪೆಡಲ್) ಒತ್ತಿದರೆ ಮಾತ್ರ ತಿರುವು ಸರಿಯಾಗುತ್ತದೆ. ಒತ್ತದಿದ್ದರೆ ಯಾವ ಮೀಟರೂ ಬೇಕಿಲ್ಲ, ಕೂತಲ್ಲೇ ಮೈ ಒಂದು ಕಡೆಗೆ ಜಾರುತ್ತದೆ. ಮಾಡಿದ ತಪ್ಪನ್ನು ಈ ವಿಮಾನ ಆಗಿಂದಾಗಲೇ ತೋರಿಸಿಬಿಡುತ್ತದೆ. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಗುಣವೇ.

ಪರೀಕ್ಷೆ ಎರಡು ದಿನಕ್ಕೆ ಹಂಚಿಹೋಯಿತು. ಮೊದಲ ದಿನ ಬಾಯಿ ಪರೀಕ್ಷೆ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತ್ತು. ಹಾರುವ ಭಾಗವನ್ನು ಒಂಬತ್ತು ದಿನದ ನಂತರ ಮಾಡಿದೆ. ಕೇಳುವುದಿದ್ದರೆ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.

ಗಾಳಿಚೀಲ

ಅಭಿನಂದನೆ! ನಾನು ಟೇಲ್‌ವೀಲ್ ವಿಮಾನಗಳಲ್ಲಿ, ಅಂದರೆ ಕಬ್‌ನಂತೆ ಬಾಲದಡಿ ಚಕ್ರ ಇರುವ ವಿಮಾನಗಳಲ್ಲಿ ಕಲಿಸುವವನು. ಓದಿ ತುಂಬಾ ಖುಷಿಯಾಯಿತು. ಮೊದಲ ದಿನ ಹಾರುವುದು ಬೇಡ ಅಂದದ್ದು ಯಾರು, ನೀವೋ ಎಗ್ಸಾಮಿನರೋ? ಪರೀಕ್ಷೆಗೆ ಹೋಗುವವರಿಗೆ ಈ ವಿಷಯ ಗೊತ್ತಾಗಬೇಕು, ಸ್ವಲ್ಪ ಬಿಡಿಸಿ ಹೇಳಿ.

ಹಿಂದಿನಸೀಟು

ನಾನೇ ಹೇಳಿದ್ದು. ಬೆಳಿಗ್ಗೆ ಗಾಳಿ ರನ್‌ವೇಗೆ ಹೆಚ್ಚೂಕಡಿಮೆ ನೇರವಾಗಿ 6 ನಾಟ್ (ಗಂಟೆಗೆ ಸುಮಾರು 11 ಕಿಲೋಮೀಟರ್) ಇತ್ತು. ಪ್ರಶ್ನೆಗಳು ಮುಗಿಸಿ ಹೊರಗೆ ಬಂದಾಗ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಅಡ್ಡ ತಿರುಗಿ ನಿಂತಿತ್ತು, ಆಗಾಗ 14 ನಾಟ್ ಬೀಸುತ್ತಿತ್ತು. ಅಡ್ಡಗಾಳಿಗೆ ನಾನು ಇನ್‌ಸ್ಟ್ರಕ್ಟರ್ ಜೊತೆ ಕೂತು ಬರೆದಿಟ್ಟುಕೊಂಡ ಮಿತಿ 8 ನಾಟ್.

ಎಗ್ಸಾಮಿನರ್ ಏನೂ ಹೇಳಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿದ್ದರು. ನನಗೆ ಎದೆ ಡವಡವ. ಅಷ್ಟು ದೂರದಿಂದ ಬಂದಿದ್ದಾರೆ, ಬೇಡ ಅಂದರೆ ಬೇಜಾರಾಗುತ್ತಾರೇನೋ ಅನ್ನಿಸಿತು. ಐದು ನಿಮಿಷ ಗಾಳಿಚೀಲ ನೋಡಿದೆ. ಆಮೇಲೆ "ಇದು ನನ್ನ ಮಿತಿಗಿಂತ ಜಾಸ್ತಿ, ಇವತ್ತು ಹಾರುವುದಿಲ್ಲ" ಅಂದೆ. ಅವರು ತಲೆಯಾಡಿಸಿ, ಒಳಗೆ ಹೋಗಿ, ಮುಗಿದ ಭಾಗ ಯಾವುದು, ಉಳಿದದ್ದು ಯಾವುದು ಅಂತ ಕಾಗದದಲ್ಲಿ ಬರೆದುಕೊಟ್ಟರು. ಬಾಯಿ ಪರೀಕ್ಷೆ ಮತ್ತೆ ಕೊಡಬೇಕಾಗಿ ಬರಲಿಲ್ಲ.

ಹೊಸರೆಕ್ಕೆ

ನಾನು ಇನ್ನೂ ಶುರುವೇ ಮಾಡಿಲ್ಲ. ಎರಡು ಆಯ್ಕೆ ಇದೆ. ಒಂದು ಹೊಸ ಕಾಲದ, ಮೂಗಿನಡಿ ಚಕ್ರ ಇರುವ ವಿಮಾನ. ಇನ್ನೊಂದು ಹಳೇ ಕಬ್. ಮನಸ್ಸು ಕಬ್ ಕಡೆಗಿದೆ. ಆದರೆ ಬ್ಯಾಟರಿ ಇಲ್ಲ, ರೇಡಿಯೋ ಇಲ್ಲ, ದಿಗಂತ ತೋರಿಸುವ ಜೈರೋ ಇಲ್ಲ ಅಂದರೆ ಎಗ್ಸಾಮಿನರ್ ಒಪ್ಪುತ್ತಾರಾ? ಮತ್ತೆ, ಎಷ್ಟು ಗಂಟೆ ಹಾರಬೇಕು?

ಹಿಂದಿನಸೀಟು

ಗಂಟೆಯ ಲೆಕ್ಕ ಮೊದಲು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಖಾಸಗಿ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ. ಮಾನ್ಯತೆ ಪಡೆದ ತರಬೇತಿಯಾದರೆ 35. ಅದರಲ್ಲಿ 10 ಗಂಟೆ ಸೋಲೋ (ಒಬ್ಬರೇ ಹಾರುವುದು), ಸೋಲೋದಲ್ಲಿ 5 ಗಂಟೆ ದೂರದ ಹಾರಾಟ. ಒಂದು ಹಾರಾಟ ಕನಿಷ್ಠ 270 ಕಿಲೋಮೀಟರ್ ಇರಬೇಕು, ನಡುವೆ ಎರಡು ಬೇರೆ ಬೇರೆ ಏರೋಡ್ರೋಮ್‌ನಲ್ಲಿ ಇಳಿದು ನಿಲ್ಲಬೇಕು. ವಯಸ್ಸು 17 ಆಗಿರಬೇಕು. ಒಂದೊಂದು ದೇಶ ಇದರ ಮೇಲೆ ತನ್ನದೇ ನಿಯಮ ಸೇರಿಸಿಕೊಂಡಿರುತ್ತದೆ. 40 ಅನ್ನುವುದು ಕನಿಷ್ಠ ಅಷ್ಟೇ. ನನಗೆ 63 ಹಿಡಿಯಿತು.

ಇನ್ನು ಉಪಕರಣದ ವಿಷಯ. ಇಲ್ಲಿ ನೀವು ಎಚ್ಚರದಿಂದ ಇರಬೇಕು. ಮೀಟರ್ ನೋಡಿಕೊಂಡೇ ಹಾರುವ ಅಭ್ಯಾಸ ಸ್ವಲ್ಪ ಮಟ್ಟಿಗೆ ಹಲವು ಕಡೆ ಕಡ್ಡಾಯ. ಜೈರೋ ಇಲ್ಲದ ಕಬ್‌ನಲ್ಲಿ ಅದು ಆಗುವುದಿಲ್ಲ. ನಾನು ಆ ಕೆಲವು ಗಂಟೆಗಳನ್ನೂ ಪರೀಕ್ಷೆಯ ಆ ಒಂದು ಭಾಗವನ್ನೂ ಬೇರೆ ವಿಮಾನದಲ್ಲಿ ಮಾಡಿದೆ. ಉಳಿದ ಅಷ್ಟೂ ಕಬ್‌ನಲ್ಲಿ. ಪರೀಕ್ಷೆಗೆ ಎರಡು ತಿಂಗಳು ಮೊದಲೇ ಎಗ್ಸಾಮಿನರ್‌ಗೆ ಫೋನ್ ಮಾಡಿ ವಿಮಾನದಲ್ಲಿ ಏನಿದೆ, ಏನಿಲ್ಲ ಅಂತ ಒಂದೊಂದಾಗಿ ಹೇಳಿದ್ದೆ. ಹಿಂದಿನ ಸೀಟಿನಿಂದ ಹಾರುವವರನ್ನು ಪರೀಕ್ಷೆ ಮಾಡಿ ಅವರಿಗೆ ರೂಢಿ ಇದೆಯಾ ಅಂತಲೂ ಕೇಳಿದ್ದೆ. ರೇಡಿಯೋಗೆ ಕೈಯಲ್ಲಿ ಹಿಡಿಯುವ ಬ್ಯಾಟರಿ ಸೆಟ್ ಇತ್ತು.

ಆ ಫೋನಿನಲ್ಲೇ ಇನ್ನೊಂದು ಕೇಳಬೇಕು. ಅವರ ತೂಕ. ಸಂಕೋಚ ಬೇಡ. ನನ್ನ ಲೆಕ್ಕ ನೋಡಿ. ಕಬ್‌ನ ಗರಿಷ್ಠ ತೂಕ 1,220 ಪೌಂಡ್, ಅಂದರೆ 553 ಕಿಲೋ. ನಮ್ಮದರ ಖಾಲಿ ತೂಕ 354. ಉಳಿದದ್ದು 199. ತುಂಬಿದ ಟ್ಯಾಂಕ್ ಅಂದರೆ 45 ಲೀಟರ್, ಅದಕ್ಕೆ 33 ಕಿಲೋ ಹೋಯಿತು. ಆಯಿಲ್‌ಗೆ ಮೂರೂವರೆ. ಉಳಿದದ್ದು 162 ಚಿಲ್ಲರೆ. ನಾನು 74, ಅವರು 92, ಒಟ್ಟು 166. ಮೂರೂವರೆ ಕಿಲೋ ಜಾಸ್ತಿ ಆಯಿತಲ್ವಾ? ಪರೀಕ್ಷೆಯ ದಿನ 35 ಲೀಟರ್ ಮಾತ್ರ ಹಾಕಿದೆ. ಗಂಟೆಗೆ 15 ಲೀಟರ್ ಲೆಕ್ಕದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಬರುತ್ತದೆ. ಪರೀಕ್ಷೆಗೆ ಸಾಕು, ಮೀಸಲೂ ಉಳಿಯುತ್ತದೆ. ಬಾಯಿ ಪರೀಕ್ಷೆಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಇದು: "ಟ್ಯಾಂಕ್ ಯಾಕೆ ತುಂಬಿಸಿಲ್ಲ?"

ಮೂಗುಚಕ್ರ

ಅಭಿನಂದನೆ. ಆದರೆ ಹೊಸರೆಕ್ಕೆಯವರಿಗೆ ನಾನು ಬೇರೆ ಮಾತು ಹೇಳುತ್ತೇನೆ. ನಾನು ಮೂಗಿನಡಿ ಚಕ್ರದ ವಿಮಾನದಲ್ಲಿ ಲೈಸೆನ್ಸ್ ಪಡೆದೆ. ಆಮೇಲೆ ಟೇಲ್‌ವೀಲ್ ಕಲಿತೆ, ಹನ್ನೊಂದು ಗಂಟೆ ಹಿಡಿಯಿತು. ಇದೇ ಒಳ್ಳೇ ದಾರಿ ಅಂತ ನನ್ನ ಅಭಿಪ್ರಾಯ.

ಕಲಿಯುವವನಿಗೆ ಒಂದೇ ಸಲಕ್ಕೆ ನೂರು ಹೊಸ ವಿಷಯ. ರೇಡಿಯೋ ಮಾತು, ನಕ್ಷೆ, ಹವಾಮಾನ, ನಿಯಮ. ಅದರ ಜೊತೆಗೆ ನೆಲದ ಮೇಲೆ ನೆಟ್ಟಗೆ ಓಡದ ವಿಮಾನವೂ ಯಾಕೆ? ಹಳೇ ವಿಮಾನ ರಿಪೇರಿಗೆ ನಿಂತರೆ ವಾರಗಟ್ಟಲೆ ಪಾಠ ಇಲ್ಲ. ಗಾಳಿ ಸ್ವಲ್ಪ ಎದ್ದರೂ ಪಾಠ ಇಲ್ಲ. ವಿದ್ಯಾರ್ಥಿಯೊಬ್ಬನೇ ಹಾರಲು ವಿಮೆಯವರು ಒಪ್ಪುವುದೂ ಕಷ್ಟ. ಪಾಠದ ನಡುವೆ ಬಿಡುವು ಬಿದ್ದರೆ ಕಲಿತದ್ದು ಮರೆತುಹೋಗುತ್ತದೆ. ಉತ್ಸಾಹದಿಂದ ಶುರು ಮಾಡಿ ಅರ್ಧಕ್ಕೇ ಬಿಟ್ಟ ಗೆಳೆಯರು ನನಗಿದ್ದಾರೆ.

ಗಾಳಿಚೀಲ

ಮೂಗುಚಕ್ರ ಹೇಳಿದ ತೊಂದರೆ ಎಲ್ಲಾ ನಿಜ. ವಿಮೆ ಮತ್ತು ರಿಪೇರಿಯ ಮಾತನ್ನು ಮೊದಲ ಪಾಠಕ್ಕೆ ಮುಂಚೆಯೇ ಕೇಳಿ ಖಚಿತ ಮಾಡಿಕೊಳ್ಳಿ. ವಿದ್ಯಾರ್ಥಿ ಸೋಲೋಗೆ ವಿಮೆ ಇಲ್ಲದ ವಿಮಾನದಲ್ಲಿ ಪಾಠ ಶುರು ಮಾಡಲೇಬೇಡಿ.

ಆದರೆ ಎರಡೂ ದಾರಿಯ ಹುಡುಗರಿಗೆ ನಾನು ಕಲಿಸಿದ್ದೇನೆ. ನನ್ನ ಕಣ್ಣಿಗೆ ಬಿದ್ದದ್ದು ಇದು. ಮೊದಲು ಕಬ್ ಕಲಿತವರ ಕಾಲು ಸುಮ್ನೆ ಇರುವುದಿಲ್ಲ. ಯಾವ ವಿಮಾನಕ್ಕೆ ಹೋದರೂ ರಡ್ಡರ್ ತಾನಾಗಿ ಬರುತ್ತದೆ. ಕಣ್ಣು ಹೊರಗಿರುತ್ತದೆ, ಮೀಟರಿಗೆ ಅಂಟಿಕೊಳ್ಳುವುದಿಲ್ಲ. ಮೂಗಿನಡಿ ಚಕ್ರದಿಂದ ಬಂದವರಿಗೆ ಮೊದಲ ಎಂಟು ಹತ್ತು ಗಂಟೆ ಕಾಲು ನೆಲಕ್ಕೆ ಅಂಟಿದಂತೆ ಇರುತ್ತದೆ. ಅಭ್ಯಾಸ ಬಿಡಿಸಿ ಮತ್ತೆ ಕಲಿಸಬೇಕು. ಇಲ್ಲಿಯೇ ಹೊಸರೆಕ್ಕೆಯವರು ಯೋಚನೆ ಮಾಡಲಿ: ವಾರಕ್ಕೆ ಎರಡು ಮೂರು ದಿನ ಬೆಳಿಗ್ಗೆ ಬೇಗ, ಗಾಳಿ ಏಳುವ ಮುಂಚೆ ಬರಲು ಆಗುತ್ತದೆ ಅಂದರೆ ಕಬ್. ತಿಂಗಳಿಗೆ ಎರಡು ಮಧ್ಯಾಹ್ನ ಮಾತ್ರ ಬಿಡುವು ಅಂದರೆ ಮೂಗುಚಕ್ರದ ದಾರಿಯೇ ಸರಿ.

ನೆಲದಲ್ಲಿ ಯಾಕೆ ಹಾಗೆ ಅಂತಲೂ ಹೇಳಿಬಿಡುತ್ತೇನೆ. ಟೇಲ್‌ವೀಲ್ ವಿಮಾನದ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಓಡುವಾಗ ಸ್ವಲ್ಪ ಓರೆಯಾದರೆ ಹಿಂದಿನ ಭಾರ ಮುಂದೆ ಬರಲು ನೋಡುತ್ತದೆ, ಓರೆ ಇನ್ನೂ ಜಾಸ್ತಿಯಾಗುತ್ತದೆ. ತಳ್ಳುಗಾಡಿಯನ್ನು ಹಿಂದುಮುಂದಾಗಿ ತಳ್ಳಿ ನೋಡಿ, ಹಾಗೇ. ಮೂಗಿನಡಿ ಚಕ್ರದ ವಿಮಾನದಲ್ಲಿ ಕೇಂದ್ರ ಮುಂದಿರುವುದರಿಂದ ಅದು ತಾನಾಗಿ ನೆಟ್ಟಗಾಗುತ್ತದೆ. ಓರೆ ಆದದ್ದು ಕಣ್ಣಿಗೆ ಕಾಣುವ ಮೊದಲೇ ಕಾಲು ಒತ್ತಿರಬೇಕು. ಒತ್ತಿ, ತಕ್ಷಣ ಬಿಡಬೇಕು. ಒತ್ತಿ ಹಿಡಿದರೆ ಆ ಕಡೆಗೆ ತಿರುಗುತ್ತದೆ.

ಜೋಡಿರೆಕ್ಕೆ

ನಾನು ಕಲಿಯುತ್ತಿರುವುದು ಟೈಗರ್ ಮಾತ್‌ನಲ್ಲಿ. ಎರಡು ಅಂತಸ್ತಿನ ರೆಕ್ಕೆ, 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್. 1931ರ ಅಕ್ಟೋಬರ್ 26ರಂದು ಮೊದಲ ಸಲ ಹಾರಿದ ವಿಮಾನ, ಆಮೇಲೆ 8,000ಕ್ಕೂ ಜಾಸ್ತಿ ತಯಾರಾಯಿತು. ನಮ್ಮದರಲ್ಲಿ ಬಾಲದ ಚಕ್ರವೂ ಇಲ್ಲ, ನೆಲ ಗೀರುವ ಒಂದು ಸ್ಕಿಡ್ ಇದೆ. ಬ್ರೇಕೂ ಇಲ್ಲ. ಹುಲ್ಲಿನ ಮೇಲೆ ಸ್ಕಿಡ್ ಉಜ್ಜುವುದೇ ನಮಗೆ ಬ್ರೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಕಬ್‌ನಿಂದ ಮಾತ್‌ಗೆ ಬಂದವರು ಮೊದಲ ಟೇಕಾಫ್‌ನಲ್ಲಿ ಗಾಬರಿಯಾಗುತ್ತಾರೆ. ಕಬ್‌ನ ಪ್ರೊಪೆಲ್ಲರ್ ಪೈಲಟ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಥ್ರಾಟಲ್ ಕೊಟ್ಟರೆ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಬೇಕು. ಜಿಪ್ಸಿ ಮೇಜರ್ ತಿರುಗುವುದು ಉಲ್ಟಾ. ಅದಕ್ಕೆ ಎಡಗಾಲು ಬೇಕು. "ಟೇಕಾಫ್ ಅಂದರೆ ಬಲಗಾಲು" ಅಂತ ಬಾಯಿಪಾಠ ಮಾಡಬೇಡಿ. ಮೂಗು ಯಾವ ಕಡೆಗೆ ಹೋಗುತ್ತಿದೆ ನೋಡಿ, ಅದಕ್ಕೆ ಎದುರಿನ ಕಾಲು ಒತ್ತಿ.

ಬಾಲ ಎತ್ತುವ ಗಳಿಗೆಯಲ್ಲಿ ಎಳೆತ ಇನ್ನೊಂದು ಪಾಲು ಜಾಸ್ತಿಯಾಗುತ್ತದೆ. ತಿರುಗುವ ಪ್ರೊಪೆಲ್ಲರ್ ಬುಗುರಿಯಂತೆ ವರ್ತಿಸುತ್ತದೆ. ಅದನ್ನು ಮುಂದಕ್ಕೆ ಬಾಗಿಸಿದರೆ ಪಕ್ಕಕ್ಕೆ ಹೊರಳುತ್ತದೆ. ಬಾಲವನ್ನು ಮೆಲ್ಲಗೆ ಎತ್ತಿದಷ್ಟೂ ಸುಲಭ.

ಇನ್‌ಸ್ಟ್ರಕ್ಟರ್ ಮಾತು ಕೇಳುವುದಕ್ಕೆ ನಮ್ಮದರಲ್ಲಿ ಇನ್ನೂ ಗಾಸ್ಪೋರ್ಟ್ ಟ್ಯೂಬ್ ಇಟ್ಟಿದ್ದಾರೆ. ವಿದ್ಯುತ್ ಇಲ್ಲದ ಬರೀ ಕೊಳವೆ. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಶುರು ಮಾಡಿದ ತರಬೇತಿ ಪದ್ಧತಿಯಿಂದ ಬಂದ ಹೆಸರು ಅದು. ಕೊಳವೆಯಲ್ಲಿ ಕೇಳುವ ದನಿ ನನಗೆ ತುಂಬಾ ಇಷ್ಟ. ಗಾಳಿ, ಎಂಜಿನ್ ಎಲ್ಲದರ ನಡುವೆ ಒಬ್ಬ ಮನುಷ್ಯ ಕಿವಿಯ ಹತ್ತಿರವೇ ಮಾತಾಡಿದಂತೆ ಇರುತ್ತದೆ.

ಹೊಸರೆಕ್ಕೆ

ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವುದು ನೆನೆಸಿಕೊಂಡರೆ ಹೆದರಿಕೆ ಆಗುತ್ತದೆ. ಪರೀಕ್ಷೆಯಲ್ಲಿ ಅದನ್ನೂ ಮಾಡಬೇಕಾ?

ಬಟ್ಟೆದಾರ

ನಾನು ಪೈಲಟ್ ಅಲ್ಲ, ಹಳೇ ವಿಮಾನಗಳ ಎಂಜಿನಿಯರ್. ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಹೆದರಿಕೆ ಇರಲಿ, ಅದು ಒಳ್ಳೆಯದೇ.

ಈ ಎಂಜಿನ್‌ಗಳಲ್ಲಿ ಕಿಡಿ ಬರುವುದು ಬ್ಯಾಟರಿಯಿಂದ ಅಲ್ಲ, ಮ್ಯಾಗ್ನೆಟೋದಿಂದ. ಒಳಗಿನ ಅಯಸ್ಕಾಂತ ತಿರುಗಿದರೆ ಸಾಕು, ಕಿಡಿ ಹುಟ್ಟುತ್ತದೆ. ಸ್ವಿಚ್ ಆಫ್ ಮಾಡಿದಾಗ ಏನಾಗುತ್ತದೆ ಗೊತ್ತಾ? ಒಂದು ಸಣ್ಣ ತಂತಿಯ ಮೂಲಕ ಮ್ಯಾಗ್ನೆಟೋ ಅರ್ಥ್ ಆಗುತ್ತದೆ, ಕಿಡಿ ನಿಲ್ಲುತ್ತದೆ. ಆ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೋ ಜೀವಂತ. ಪ್ರೊಪೆಲ್ಲರನ್ನು ಸುಮ್ನೆ ಒಂದಿಷ್ಟು ಸರಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು. ಅದಕ್ಕೇ ನಮ್ಮ ಶೆಡ್‌ನಲ್ಲಿ ಪ್ರೊಪೆಲ್ಲರಿಗೆ ಯಾರೂ ಒರಗುವುದಿಲ್ಲ, ಫೋಟೋಗೂ ಇಲ್ಲ.

ಪದ್ಧತಿ ಹೀಗೆ. ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಬಾಲ ಹಗ್ಗದಲ್ಲಿ ಕಟ್ಟಿರಬೇಕು. ಒಳಗೆ ವಿಮಾನ ಗೊತ್ತಿರುವ ಒಬ್ಬರು ಸ್ಟಿಕ್ ಹಿಂದಕ್ಕೆ ಹಿಡಿದು, ಬ್ರೇಕ್ ಒತ್ತಿ ಕೂತಿರಬೇಕು. ಹೊರಗಿನವರು ಕೂಗಿ ಕೇಳುತ್ತಾರೆ, ಒಳಗಿನವರು ಕೈ ಇಟ್ಟು ನೋಡಿ, ಅದೇ ಮಾತನ್ನು ತಿರುಗಿ ಕೂಗುತ್ತಾರೆ. ಸ್ವಿಚ್ ಆಫ್, ಥ್ರಾಟಲ್ ಮುಚ್ಚಿದೆ, ಕೊನೆಗೆ "ಕಾಂಟ್ಯಾಕ್ಟ್", ಅಂದರೆ ಸ್ವಿಚ್ ಆನ್. ಬೆರಳುಗಳನ್ನು ಬ್ಲೇಡಿನ ಅಂಚಿಗೆ ಸುತ್ತಿ ಹಿಡಿಯಬಾರದು, ಅಂಗೈ ಚಪ್ಪಟೆ ಇಟ್ಟು ಎಳೆಯಬೇಕು. ಎಳೆದ ರಭಸಕ್ಕೆ ಮೈ ಹಿಂದಕ್ಕೆ ಬರಬೇಕೇ ಹೊರತು ಮುಂದಕ್ಕೆ ವಾಲಬಾರದು. ಒದ್ದೆ ಹುಲ್ಲು, ಸಡಿಲ ಜಲ್ಲಿ, ಜೋತಾಡುವ ಸ್ಕಾರ್ಫ್ ಇದ್ದರೆ ಆ ದಿನ ಆ ಜಾಗದಲ್ಲಿ ಬೇಡ. ಕಲಿಸುವವರ ಜೊತೆ ಎಂಜಿನ್ ತಣ್ಣಗಿದ್ದಾಗ ಬರೀ ಹೆಜ್ಜೆಯನ್ನು ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ. ಆಗಲೂ ಅದು ಹೊತ್ತಿಕೊಳ್ಳುತ್ತದೆ ಅಂತಲೇ ತಿಳಿದಿರಿ.

ಹಿಂದಿನಸೀಟು

ಪರೀಕ್ಷೆಯ ದಿನ ಪ್ರೊಪೆಲ್ಲರ್ ಎಳೆದದ್ದು ನನ್ನ ಇನ್‌ಸ್ಟ್ರಕ್ಟರ್. ನಾನು ಒಳಗೆ. ಎಗ್ಸಾಮಿನರ್ ನಮ್ಮಿಬ್ಬರ ಕೂಗು-ಮರುಕೂಗನ್ನು ಗಮನಿಸಿದರು. ಎಂಜಿನ್ ನಿಲ್ಲಿಸುವ ಮೊದಲು ಥ್ರಾಟಲ್ ಕಡಿಮೆ ಇಟ್ಟು ಸ್ವಿಚ್ ಒಂದು ಕ್ಷಣ ಆಫ್ ಮಾಡಿ ನೋಡು ಅಂದರು. ಎಂಜಿನ್ ಸಾಯಲು ಹೊರಟರೆ ಆ ತಂತಿ ಸರಿಯಿದೆ ಅಂತ. ಅದು ನನಗೆ ಮೊದಲೇ ಅಭ್ಯಾಸವಾಗಿತ್ತು, ಬಟ್ಟೆದಾರರಂಥವರೇ ಕಲಿಸಿದ್ದು.

ಮೂಗುಚಕ್ರ

ಒಂದು ನೇರ ಪ್ರಶ್ನೆ ಕೇಳಬಹುದಾ? ಕಲಿಯುವಾಗ ಗ್ರೌಂಡ್ ಲೂಪ್, ಅಂದರೆ ನೆಲದಲ್ಲಿ ಓಡುವಾಗ ವಿಮಾನ ಕೈತಪ್ಪಿ ಸುತ್ತು ಹೊಡೆಯುವುದು, ಆಯಿತಾ?

ಹಿಂದಿನಸೀಟು

ಆಯಿತು. ಮುಚ್ಚಿಡುವುದಿಲ್ಲ.

ಲಾಗ್‌ಬುಕ್‌ನಲ್ಲಿ 31 ಗಂಟೆ ಆಗಿತ್ತು. ಸೋಲೋ. ಇಳಿದದ್ದು ಚೆನ್ನಾಗಿಯೇ ಇತ್ತು, ಮೂರು ಚಕ್ರವೂ ಒಟ್ಟಿಗೆ ಮುಟ್ಟಿತು. ವೇಗ ಇಳಿಯಿತು. ಜೋರಾಗಿ ನಡೆಯುವಷ್ಟು ವೇಗ ಇರುವಾಗ, ಇನ್ನೇನು ಆಯಿತಲ್ಲ ಅಂತ ಕಿಟಕಿಯ ಕಡೆ ತಿರುಗಿದೆ. ಎಡ ಹಿಂಬದಿಯಿಂದ ಗಾಳಿ ಬಂತು. ಮೂಗು ಎಡಕ್ಕೆ ತಿರುಗಿತು. ನಾನು ಬಲಗಾಲು ಒತ್ತುವ ಹೊತ್ತಿಗೆ ತಡವಾಗಿತ್ತು. ವಿಮಾನ ಅರ್ಧ ಸುತ್ತು ಹೊಡೆದು, ಬಲ ರೆಕ್ಕೆಯ ತುದಿ ಹುಲ್ಲಿಗೆ ಉಜ್ಜಿತು. ಒಂದು ಲಟಕ್ ಶಬ್ದ. ಆಮೇಲೆ ಎಲ್ಲಾ ನಿಶ್ಶಬ್ದ. ಮ್ಯಾಗ್ನೆಟೋ ಆಫ್ ಮಾಡಿ, ಪೆಟ್ರೋಲ್ ಮುಚ್ಚಿ, ಇಳಿದೆ. ನನಗೆ ಏನೂ ಆಗಿರಲಿಲ್ಲ. ರೆಕ್ಕೆಯ ತುದಿಯ ಬಾಗಿದ ಮರ ಸೀಳಿತ್ತು, ಬಟ್ಟೆ ಒಂದು ಮೊಳ ಹರಿದಿತ್ತು. ಅಲ್ಲೇ ಹುಲ್ಲಿನಲ್ಲಿ ಕೂತು ಅತ್ತೆ.

ಆರು ವಾರ ರಿಪೇರಿ. ಎಂಜಿನಿಯರ್ ನನ್ನನ್ನು ಬೈಯಲಿಲ್ಲ, "ಬೆಳಿಗ್ಗೆ ಬಾ, ಹೊಲಿಗೆ ಹೇಳಿಕೊಡುತ್ತೇನೆ" ಅಂದರು. ಹೊಸ ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಅಳತೆ ಮಾಡಿ ಹೊಂದಿಸಿದ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡುತ್ತಾರೆ. ಮೊದಲು 120 ಡಿಗ್ರಿ ಸೆಲ್ಸಿಯಸ್ ಸುಮಾರು, ಕೊನೆಗೆ 175ರ ಸುಮಾರು. ಸಡಿಲವಾಗಿ ಸುಕ್ಕುಸುಕ್ಕಾಗಿದ್ದ ಬಟ್ಟೆ ಕಣ್ಣೆದುರೇ ಬಿಗಿಯಾಗುತ್ತಾ ಬರುತ್ತದೆ. ಬೆರಳಿನಲ್ಲಿ ತಟ್ಟಿದರೆ ಕಾಯಿಸಿದ ತಮಟೆಯ ಸದ್ದು. ಆಮೇಲೆ ಹೊಲಿಗೆ. ಉದ್ದ ಸೂಜಿ, ಮೇಣ ಹಚ್ಚಿದ ದಾರ. ರೆಕ್ಕೆಯ ಮೇಲಿಂದ ಕೆಳಕ್ಕೆ, ಪಕ್ಕೆಲುಬನ್ನು ಸುತ್ತಿ, ಮತ್ತೆ ಮೇಲಕ್ಕೆ. ಒಂದೊಂದು ಸುತ್ತಿಗೂ ಒಂದು ಗಂಟು. ನಾನು ಹಾಕಿದ ಮೊದಲ ಹನ್ನೆರಡು ಗಂಟನ್ನೂ ಅವರು ಬಿಚ್ಚಿದರು. ಹದಿಮೂರನೆಯದನ್ನು ಉಗುರಲ್ಲಿ ಒತ್ತಿ ನೋಡಿ ಬಿಟ್ಟರು.

ಆ ದಿನದಿಂದ, ವಿಮಾನ ಪೂರ್ತಿ ನಿಂತು ಹಗ್ಗ ಕಟ್ಟುವವರೆಗೂ ನನ್ನ ಕಾಲು ಪೆಡಲ್ ಬಿಟ್ಟಿಲ್ಲ.

ಬಟ್ಟೆದಾರ

ಹೊಲಿಗೆ ಕಲಿತದ್ದು ಓದಿ ಮನಸ್ಸು ತುಂಬಿತು. ರೆಕ್ಕೆಯ ಮೇಲೆ ಗಾಳಿ ಎಳೆಯುವಾಗ ಬಟ್ಟೆ ಉಬ್ಬಿ ಪಕ್ಕೆಲುಬಿನಿಂದ ಕಿತ್ತು ಬರದಂತೆ ಹಿಡಿಯುವುದು ಆ ಗಂಟುಗಳೇ.

ಹೊಸರೆಕ್ಕೆ, ಯಾವ ಕಬ್‌ನಲ್ಲಿ ಕಲಿಯುತ್ತೀರೋ ಅದನ್ನು ನೋಡಲು ಹೋದಾಗ ರೆಕ್ಕೆಯ ಕೆಳಗಿನ ಓರೆ ಕಂಬಗಳ ಬಗ್ಗೆ ಕೇಳಿ. ಹಳೇ ಕಂಬಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ತಪಾಸಣೆ ಯಾವಾಗ ಆಯಿತು, ಮುಚ್ಚಿದ ಹೊಸ ಕಂಬ ಹಾಕಿದ್ದಾರಾ ಅಂತ ದಾಖಲೆ ನೋಡಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಜೋಡಿರೆಕ್ಕೆ

ಹಾರುವ ಭಾಗದಲ್ಲಿ ಏನೇನು ಮಾಡಿಸಿದರು? ಬಾಯಿ ಪರೀಕ್ಷೆಯ ಉಳಿದ ಪ್ರಶ್ನೆಗಳೂ ನೆನಪಿದ್ದರೆ ಬರೆಯಿರಿ. ನನ್ನದು ಮುಂದಿನ ತಿಂಗಳು.

ಹಿಂದಿನಸೀಟು

ಬಾಯಿ ಪರೀಕ್ಷೆಯಲ್ಲಿ ಅವರು ಜಾಸ್ತಿ ಹೊತ್ತು ನಿಂತದ್ದು ಎರಡು ಕಡೆ.

ಒಂದು, ಕಾರ್ಬ್ಯುರೇಟರ್ ಮಂಜುಗಡ್ಡೆ, ಅಂದರೆ ಎಂಜಿನ್‌ಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಭಾಗದೊಳಗೆ ಕಟ್ಟುವ ಮಂಜುಗಡ್ಡೆ. "ಹೊರಗೆ 22 ಡಿಗ್ರಿ, ಗಾಳಿಯಲ್ಲಿ ತೇವ ಇದೆ. ಮಂಜುಗಡ್ಡೆ ಕಟ್ಟುತ್ತಾ?" ಕಟ್ಟುತ್ತದೆ. ಪೆಟ್ರೋಲ್ ಆವಿಯಾಗುವಾಗ, ಕಿರಿದಾದ ಕೊರಳಿನಲ್ಲಿ ಗಾಳಿಯ ಒತ್ತಡ ಇಳಿಯುವಾಗ, ಒಳಗಿನ ಉಷ್ಣತೆ 20 ಡಿಗ್ರಿಗೂ ಜಾಸ್ತಿ ಬೀಳಬಹುದು. ನಮ್ಮಂಥ ಸ್ಥಿರ ಪ್ರೊಪೆಲ್ಲರಿನಲ್ಲಿ ಮೊದಲ ಗುರುತು ಆರ್‌ಪಿಎಂ ಮೆಲ್ಲಗೆ ಇಳಿಯುವುದು. ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಹಿಡಿ) ಎಳೆದರೆ ಮೊದಲು ಇನ್ನೂ ಇಳಿಯುತ್ತದೆ, ಎಂಜಿನ್ ಒರಟಾಗುತ್ತದೆ, ಆಮೇಲೆ ಮೇಲೇರುತ್ತದೆ. "ಒರಟಾದಾಗ ಹೆದರಿ ಹೀಟ್ ಮುಚ್ಚಿಬಿಟ್ಟರೆ?" ಅಂತ ಕೇಳಿದರು. ಕರಗುತ್ತಿರುವುದು ಅರ್ಧಕ್ಕೇ ನಿಲ್ಲುತ್ತದೆ, ಎಂಜಿನ್ ಹೋಗಬಹುದು.

ಎರಡು, 45 ಡಿಗ್ರಿ ವಾಲಿದ ತಿರುವಿನಲ್ಲಿ ಸ್ಟಾಲ್ ವೇಗ. ಅದಕ್ಕಿಂತ ನಿಧಾನವಾದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲು ಆಗುವುದಿಲ್ಲ. ಎತ್ತರ ಬಿಡದೆ ತಿರುಗಿದರೆ ಮೈಭಾರ 1.41 ಪಟ್ಟು, ಸ್ಟಾಲ್ ವೇಗ ಸುಮಾರು ಶೇ 19 ಜಾಸ್ತಿ. ಕಬ್‌ನ ಗಂಟೆಗೆ 38 ಮೈಲಿ 45 ಆಗುತ್ತದೆ. "ರನ್‌ವೇ ದಾಟಿ ಹೋಯಿತು ಅಂತ ಕೊನೆಯ ತಿರುವನ್ನು ಬಿಗಿ ಮಾಡುವವರು ಸಾಯುವುದು ಹೀಗೆ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಪೆಟ್ರೋಲ್ ಲೆಕ್ಕವೂ ಕೇಳಿದರು. ಗಂಟೆಗೆ 120 ಕಿಲೋಮೀಟರ್ ಹೋಗುವ ಕಬ್‌ಗೆ 30 ಎದುರುಗಾಳಿ ಬಂದರೆ 90. ತುಂಬಿದ ಟ್ಯಾಂಕಿಗೆ ಮೂರು ಗಂಟೆ, ಅರ್ಧ ಗಂಟೆ ಮೀಸಲು ತೆಗೆದರೆ ಎರಡೂವರೆ. ಅಂದರೆ 225 ಕಿಲೋಮೀಟರ್. 270ಕ್ಕೆ ನಡುವೆ ಇಳಿದು ತುಂಬಿಸಲೇಬೇಕು.

ಹಾರುವ ದಿನ ಬೆಳಿಗ್ಗೆ 3 ನಾಟ್ ಗಾಳಿ. ನಕ್ಷೆ, ದಿಕ್ಸೂಚಿ, ಕೈಗಡಿಯಾರ ಇಟ್ಟುಕೊಂಡು ಹೊರಟೆ. ಎರಡನೇ ಗುರುತಿಗೆ ಬಂದಾಗ ಬೇರೆ ಏರೋಡ್ರೋಮ್‌ಗೆ ತಿರುಗಿಸು ಅಂದರು. ನಕ್ಷೆಯ ಮೇಲೆ ಹೆಬ್ಬೆರಳು ಇಟ್ಟು ದೂರ ಅಳೆದೆ. ನನ್ನ ಹೆಬ್ಬೆರಳಿನ ಮೊದಲ ಗೆಣ್ಣು ಎಷ್ಟು ಕಿಲೋಮೀಟರ್ ಅಂತ ಮೊದಲೇ ಅಳೆದಿಟ್ಟುಕೊಂಡಿದ್ದೆ. ದಿಕ್ಸೂಚಿ ತಿರುವಿನಲ್ಲಿ ಸುಳ್ಳು ಹೇಳುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ತಿರುಗುವಾಗ ಹಿಂದೆ ಬೀಳುತ್ತದೆ, ದಕ್ಷಿಣಕ್ಕೆ ತಿರುಗುವಾಗ ಮುಂದೆ ಓಡುತ್ತದೆ. ಅದಕ್ಕೇ ದೂರದ ಗುಡ್ಡವೊಂದನ್ನು ಗುರಿ ಹಿಡಿದು ತಿರುಗಿ, ನೆಟ್ಟಗಾದ ಮೇಲೆ ದಿಕ್ಸೂಚಿ ನೋಡಿದೆ.

ನಿಧಾನ ಹಾರಾಟ, ಸ್ಟಾಲ್, ಬಿಗಿ ತಿರುವು ಆದವು. ಆಮೇಲೆ ಥ್ರಾಟಲ್ ಹಿಂದಕ್ಕೆ ಎಳೆದು "ಎಂಜಿನ್ ಹೋಯಿತು" ಅಂದರು. ಮೂಗು ಇಳಿಸಿ ವೇಗ ಹಿಡಿದೆ, ಕಾರ್ಬ್ ಹೀಟ್ ಎಳೆದೆ, ಗದ್ದೆ ಆರಿಸಿದೆ. ಎತ್ತರ ಜಾಸ್ತಿ ಇತ್ತು. ಫ್ಲ್ಯಾಪ್ ಇಲ್ಲದ ವಿಮಾನದಲ್ಲಿ ಎತ್ತರ ಕಳೆಯಲು ಇರುವ ದಾರಿ ಸ್ಲಿಪ್. ಎಡ ರೆಕ್ಕೆ ಇಳಿಸಿ, ಬಲ ರಡ್ಡರ್ ಪೂರ್ತಿ ಒತ್ತಿದೆ. ವಿಮಾನ ಓರೆಯಾಗಿ, ಮೈಯನ್ನೇ ಗಾಳಿಗೆ ಅಡ್ಡ ಹಿಡಿದು ಇಳಿಯತೊಡಗಿತು. ಎಡಗೆನ್ನೆಗೆ ಗಾಳಿ ಹೊಡೆಯಿತು. ಕಾಲು ಸಡಿಲಿಸಿ ನೆಟ್ಟಗೆ ಮಾಡಿದಾಗ ಗದ್ದೆ ಸರಿಯಾದ ಜಾಗದಲ್ಲಿತ್ತು. "ಸಾಕು, ಮೇಲೇರು" ಅಂದರು.

ಕೊನೆಗೆ ಲ್ಯಾಂಡಿಂಗ್‌ಗಳು. ಎರಡನೆಯದರಲ್ಲಿ ಸ್ವಲ್ಪ ಪುಟಿಯಿತು. ತಕ್ಷಣ ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತಿಗೆ ಹೋದೆ. ಅದೇ ಫೇಲಾಗಲು ಕಾರಣವಾಗುತ್ತದೆ ಅಂತ ಸುತ್ತು ಪೂರ್ತಿ ನನಗೆ ಅನ್ನಿಸುತ್ತಿತ್ತು. ಮುಂದಿನದು ಮೆತ್ತಗೆ ಕೂತಿತು. ನಿಂತು, ಹಗ್ಗ ಕಟ್ಟಿ, ಇಳಿದಾಗ ಅವರು ಹೇಳಿದ್ದು ಇಷ್ಟು: "ಪುಟಿದದ್ದನ್ನು ಸರಿ ಮಾಡಲು ಹೋಗದೆ ಬಿಟ್ಟೆಯಲ್ಲ, ಒಳ್ಳೇದು." ಆಮೇಲೆ ಕೈ ಕುಲುಕಿದರು.

ಜೋಡಿರೆಕ್ಕೆ

ಕಾರ್ಬ್ ಹೀಟ್ ಉತ್ತರವನ್ನು ಹಾಗೇ ಬರೆದಿಟ್ಟುಕೊಂಡೆ. ತುಂಬಾ ಧನ್ಯವಾದ.

ಮೂಗುಚಕ್ರ

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಬಿಡುವಿಲ್ಲದವರಿಗೆ ಈಗಲೂ ಮೂಗಿನಡಿ ಚಕ್ರವೇ ಒಳ್ಳೆಯದು ಅನ್ನುತ್ತೇನೆ. ಆದರೆ ನಾನು ಸ್ಲಿಪ್ ಮಾಡಿ ಎರಡು ವರ್ಷ ಆಯಿತು. ಈ ಭಾನುವಾರ ಇನ್‌ಸ್ಟ್ರಕ್ಟರ್ ಜೊತೆ ಹೋಗಿ ಮಾಡುತ್ತೇನೆ.

ಹೊಸರೆಕ್ಕೆ

ನಾನು ಕಬ್ ಅಂತ ತೀರ್ಮಾನ ಮಾಡಿದೆ. ವಾರಕ್ಕೆ ಮೂರು ಬೆಳಿಗ್ಗೆ ಬಿಡುವು ಮಾಡಿಕೊಂಡಿದ್ದೇನೆ. ವಿಮೆ ಕೇಳಿದೆ, ವಿದ್ಯಾರ್ಥಿ ಸೋಲೋ ಸೇರಿದೆ. ಕಂಬದ ದಾಖಲೆಯನ್ನು ಕೇಳುವ ಮೊದಲೇ ತೋರಿಸಿದರು. ಮೊದಲ ಪಾಠ ಗುರುವಾರ. ಅದಕ್ಕೆ ಮೊದಲು ಮನೆಯಲ್ಲಿ ಏನಾದರೂ ಮಾಡಬಹುದಾ?

ಹಿಂದಿನಸೀಟು

ಮನೆಯಲ್ಲಿ ಬೇಡ. ಗುರುವಾರ ಅರ್ಧ ಗಂಟೆ ಬೇಗ ಹೋಗಿ. ಕೇಳಿಕೊಂಡು ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ, ಕಾಲು ಪೆಡಲಿಗೆ ಪೂರ್ತಿ ಸಿಗದಿದ್ದರೆ ಬೆನ್ನಿಗೆ ದಿಂಬು ಇಡಿ. ಆಮೇಲೆ ಹತ್ತು ನಿಮಿಷ ಸುಮ್ನೆ ಹೊರಗೆ ನೋಡಿ. ಮೂಗಿನ ಎಡಕ್ಕೂ ಬಲಕ್ಕೂ ದಿಗಂತ ಎಲ್ಲಿ ಕಾಣುತ್ತದೆ, ಕಿಟಕಿಯ ಯಾವ ಪೈಪಿನ ಹತ್ತಿರ ಮರೆಯಾಗುತ್ತದೆ ಅಂತ ಕಣ್ಣಲ್ಲಿ ಹಿಡಿಯಿರಿ. ಬಾಲ ನೆಲದಲ್ಲಿರುವಾಗ ಕಾಣುವ ಈ ಚಿತ್ರವೇ ಮೂರು ಚಕ್ರದಲ್ಲಿ ಇಳಿಯುವಾಗ ಕೊನೆಯ ಗಳಿಗೆಯಲ್ಲೂ ಕಾಣಬೇಕು. ನನಗೆ ಇದನ್ನು ಹದಿನೈದನೇ ಗಂಟೆಯಲ್ಲಿ ಹೇಳಿಕೊಟ್ಟರು. ಅವತ್ತಿನಿಂದ ನನ್ನ ಲ್ಯಾಂಡಿಂಗ್ ಸುಧಾರಿಸಿತು.

ಹೊಸರೆಕ್ಕೆ

ಗುರುವಾರ ಹೋಗಿ ಬಂದೆ. ಬೇಗ ಹೋಗಿ ಕೂತೆ. ಎಡಗಡೆ ದಿಗಂತ, ವಿಂಡ್‌ಶೀಲ್ಡಿನ ಓರೆ ಪೈಪು ಕೆಳಗೆ ಸೇರುವ ಜಾಗದಿಂದ ಮೂರು ಬೆರಳು ಮೇಲಿದೆ. ಬಲಗಡೆ ಬಾಗಿಲು ತೆರೆದಿತ್ತು, ಅಲ್ಲಿ ಹುಲ್ಲು ಚಕ್ರದವರೆಗೂ ಕಾಣುತ್ತದೆ. ಚಿತ್ರ ಬರೆದಿಟ್ಟುಕೊಂಡಿದ್ದೇನೆ. ನಾಳೆ ಎರಡನೇ ಪಾಠ.